ಬಲೂನ್ ಅಂಗಡಿಯ ಬಂದೂಕನ್ನು ಗುಜರಿಗೆ ಹಾಕಬೇಡಿ

ನಮ್ಮ ಆರ್.ಎಚ್. ಕ್ಯಾಂಪಿನ ಕಡೆ ಏರ್‌ಗನ್ ಅಂದ ಕೂಡಲೇ ಜಾತ್ರೆಯ ಬಲೂನ್ ಅಂಗಡಿ ನೆನಪಾಗುತ್ತದೆ. ಆಮೇಲೆ ಗದ್ದೆಯ ಬದುವಿನ ಮೇಲೆ ನಿಂತು ಬೆಳ್ಳಕ್ಕಿಗೆ ಗುರಿ ಇಡುವ ಕೆಟ್ಟ ಚಟ. ಇವೆರಡನ್ನೂ ಬಿಟ್ಟು ಇನ್ನೊಂದು ಲೋಕವಿದೆ. ಹಳೆಯ ಸ್ಪ್ರಿಂಗ್ ಏರ್ ಪಿಸ್ತೂಲುಗಳನ್ನು ಹುಡುಕಿ, ಒರೆಸಿ, ಜೋಪಾನವಾಗಿ ಇಡುವವರ ಲೋಕ. ಈ ಹವ್ಯಾಸ ನಮ್ಮ ಹಳ್ಳಿಗಳಿಗೂ ಬರಲಿ, ಆದರೆ ಅಸಲಿಯ ಹುಚ್ಚು ಹಿಡಿಸಿಕೊಂಡು ಬರುವುದು ಬೇಡ ಎಂಬುದು ನನ್ನ ಮಾತು.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಇದರಲ್ಲಿ ಮದ್ದು ಇಲ್ಲ. ನಳಿಗೆ ಅಥವಾ ಲಿವರ್ ಎಳೆದಾಗ ಒಳಗಿನ ದಪ್ಪ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಕುದುರೆ ಎಳೆದರೆ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಸೀಸದ ಗುಂಡನ್ನು ಹಾರಿಸುತ್ತದೆ. ಸೈಕಲ್ ಪಂಪು ಒತ್ತಿದವರಿಗೆ ಇದು ಬೇಗ ತಿಳಿಯುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1924ರಲ್ಲಿ ಏರ್ ಪಿಸ್ತೂಲು ತಂದಿತು. ಸಿಲಿಂಡರಿನ ಮೇಲೆ ನಳಿಗೆ ಕೂರಿಸಿ ಉದ್ದ ಕಡಿಮೆ ಮಾಡಿದ್ದೇ ಅದರ ಜಾಣತನ. ಅದೇ ಮನೆತನದ ಟೆಂಪೆಸ್ಟ್ ಎಂಬ ಪಿಸ್ತೂಲು ಮುಂದೆ ಟರ್ಕಿಯಲ್ಲಿ ತಯಾರಾಯಿತು. ಹೆಸರು ಇಂಗ್ಲೆಂಡಿನದು, ಕೈ ಟರ್ಕಿಯದು. ಅದನ್ನು ಅಸಲಿ ಅನ್ನಬೇಕೋ, ನಕಲಿ ಅನ್ನಬೇಕೋ?

ಜರ್ಮನಿಯ ಡಯಾನಾ ಕತೆ ಇನ್ನೂ ತಮಾಷೆ. ಎರಡನೇ ಮಹಾಯುದ್ಧದ ನಂತರ ಅದರ ಯಂತ್ರಗಳೂ ಹೆಸರೂ ಸ್ಕಾಟ್ಲೆಂಡಿನ ಮಿಲ್ಬ್ರೊ ಕಂಪನಿಯ ಪಾಲಾದವು. ಮಿಲ್ಬ್ರೊ ಡಯಾನಾ ಹೆಸರಿನಲ್ಲೇ ಮಾರಿತು. ಜರ್ಮನಿಯ ಮೂಲ ಕಾರ್ಖಾನೆ ಮತ್ತೆ ಎದ್ದು ನಿಂತಾಗ ಬ್ರಿಟನ್ನಿನಲ್ಲಿ ತನ್ನದೇ ಹೆಸರು ಬಳಸಲು ಆಗದೆ 'ಒರಿಜಿನಲ್' ಎಂದು ಅಚ್ಚು ಹಾಕಿ ಮಾರಬೇಕಾಯಿತು. ನಮ್ಮ ದೇಶದ ಕಾರ್ಖಾನೆಗಳೂ ವಿದೇಶಿ ಮಾದರಿ ನೋಡಿ ಏರ್‌ಗನ್ ಮಾಡಿವೆ.

ಅದಕ್ಕೇ ಹೇಳುವುದು, ನಕಲು ಎಂದು ಮೂಗು ಮುರಿಯಬೇಡಿ. ಬಡವರ ಕೈಗೆ, ಜಾತ್ರೆಯ ಅಂಗಡಿಗೆ ಬಂದದ್ದು ಹೆಚ್ಚಾಗಿ ಇಂಥ ನಕಲುಗಳೇ. ನಮ್ಮ ಜನರ ಚರಿತ್ರೆ ಅದರಲ್ಲೇ ಇದೆ. ಆದರೆ ನಕಲನ್ನು ಅಸಲಿಯ ಬೆಲೆಗೆ ಕೊಳ್ಳಲೂ ಬೇಡಿ. ಅಚ್ಚು, ಊರಿನ ಹೆಸರು, ನಂಬರು ನೋಡಿ. ಹೊಳಪು ಬರಲೆಂದು ಮರಳು ಕಾಗದ ಹಾಕಿ ಉಜ್ಜಿದರೆ ಆ ಅಚ್ಚೇ ಅಳಿಸಿಹೋಗುತ್ತದೆ, ಜೊತೆಗೆ ಅದರ ಜಾತಕವೂ. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇಡಬೇಡಿ, ಗುಂಡಿಲ್ಲದೆ ಹೊಡೆಯಬೇಡಿ. ಎರಡರಿಂದಲೂ ಒಳಗಿನ ಭಾಗ ಹಾಳಾಗುತ್ತದೆ. ಸೀಸದ ಗುಂಡು ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇನ್ನು ಕಾನೂನು. 'ಏರ್‌ಗನ್ನಿಗೆ ಲೈಸೆನ್ಸ್ ಬೇಡ' ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ರಂಧ್ರ 4.5 ಮಿ.ಮೀ. ಮೀರಿದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಹಳೆಯ ವೆಬ್ಲಿಗಳಲ್ಲಿ 5.5 ಮಿ.ಮೀ. ರಂಧ್ರದವೂ ಇವೆ. ಶಕ್ತಿ ಕಡಿಮೆ ಇದ್ದರೂ ಅಂಥದ್ದು ನಿಯಮದೊಳಗೆ ಬರುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ, ಮೊಬೈಲಿನಲ್ಲಿ ಜಾಹೀರಾತು ಕಂಡರೆ, ಮೊದಲು ರಂಧ್ರದ ಅಳತೆ ತಿಳಿದುಕೊಳ್ಳಿ. ಅನುಮಾನ ಇದ್ದರೆ ಪೊಲೀಸ್ ಠಾಣೆಯಲ್ಲಿ ಕೇಳಿ. ಅದನ್ನು ಹಿಡಿದು ರೀಲ್ಸ್ ಮಾಡುವುದಂತೂ ಬೇಡವೇ ಬೇಡ. ನೋಡುವವರ ಕಣ್ಣಿಗೆ ಅದು ನಿಜವಾದ ಪಿಸ್ತೂಲೇ.

ಹಕ್ಕಿಗಳ ಮಾತೂ ಇದೆ. ಕಾಡುಪ್ರಾಣಿ, ಪಕ್ಷಿಗಳ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಬೇಟೆ ಅಲ್ಲಿ ತಲೆತಲಾಂತರದ ರೂಢಿ. ಆದರೂ ಊರಿನ ಜನ ತಾವಾಗಿ ಬಂದೂಕು ತಂದುಕೊಟ್ಟರು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ನಮ್ಮ ಭತ್ತದ ಗದ್ದೆಗಳಿಗೆ ಕೊಕ್ಕರೆ, ಬೆಳ್ಳಕ್ಕಿ ಬರುತ್ತವೆ, ಹುಳ ಹೆಕ್ಕುತ್ತವೆ. ಅವುಗಳ ಮೇಲೆ ಗುರಿ ಇಟ್ಟವನು ಸಂಗ್ರಾಹಕನಲ್ಲ.

ನಮ್ಮ ಕ್ಯಾಂಪು ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದವರಿಗಾಗಿ ಎದ್ದ ಊರು. ಒಂದು ಹಳೆಯ ವಸ್ತು ಕೈ ತಪ್ಪಿದರೆ ಅದರ ಜೊತೆ ಏನೇನು ಹೋಗುತ್ತದೆ ಎಂದು ಇಲ್ಲಿನ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಬಲೂನ್ ಅಂಗಡಿಯ ಹಳೆಯ ಬಂದೂಕು ಇಂದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಕೊಳ್ಳಲು ಆಗದಿದ್ದರೂ ಪರವಾಗಿಲ್ಲ. ಅಂಗಡಿಯವರನ್ನು ಕೇಳಿ ಅಚ್ಚಿನ ಫೋಟೊ ತೆಗೆಯಿರಿ. ಎಲ್ಲಿ ಕೊಂಡರು, ಯಾರು ರಿಪೇರಿ ಮಾಡಿದರು, ಯಾವ ಯಾವ ಜಾತ್ರೆ ಸುತ್ತಿದರು, ಬರೆದಿಡಿ. ಕಾಸು ಖರ್ಚಿಲ್ಲದ ಸಂಗ್ರಹ ಅದು, ಯಾರ ಲೈಸೆನ್ಸೂ ಬೇಕಿಲ್ಲ.