ಏನು ಹೊರುತ್ತೀರಿ ಎಂದು ಕೇಳಿ

ನಾಸಿಕ್ ಜಿಲ್ಲೆಯ ಇಗತ್‌ಪುರಿ ತಾಲ್ಲೂಕಿನ ಘೋಟಿ, ಮುಂಬೈ–ಆಗ್ರಾ ಹೆದ್ದಾರಿಯ ಮೇಲಿನ ಊರು. ಸುತ್ತಲೂ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿ, ಆಚೆಗೆ ಮಹಾರಾಷ್ಟ್ರದಲ್ಲೇ ಅತಿ ಎತ್ತರದ ಕಳಸೂಬಾಯಿ ಶಿಖರ. ಮಳೆಗಾಲದಲ್ಲಿ ಅಲ್ಲಿ ನಿಂತರೆ ನಮ್ಮ ಮಲೆನಾಡೇ ನೆನಪಾಗಬೇಕು, ಅಂಥ ಮಳೆ. ಈ ತಾಲ್ಲೂಕಿನ ಮೇಲಣ ವೈತರಣಾ ಜಲಾಶಯದ ನೀರು ಮುಂಬೈಯ ನಲ್ಲಿಗಳಿಗೆ ಹೋಗುತ್ತದೆ. ದಾರಣಾ ಅಣೆಕಟ್ಟಿನಿಂದ ಬಿಟ್ಟ ನೀರು ಗೋದಾವರಿ ಸೇರಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಜಾಯಕವಾಡಿಯತ್ತ ಇಳಿಯುತ್ತದೆ. ಆ ನೀರಿನ ಪಾಲಿಗಾಗಿ ಮೇಲಿನವರೂ ಕೆಳಗಿನವರೂ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಜಲಾಶಯದ ನೀರಿಗೆ ಟಿಎಂಸಿ ಲೆಕ್ಕವಿದೆ, ವಕೀಲರಿದ್ದಾರೆ, ಪಾಲು ಹಂಚಲು 2005ರ ಕಾನೂನಿದೆ.

ಅದೇ ತಾಲ್ಲೂಕಿನ ಗುಡ್ಡದ ವಾಡಿಗಳಲ್ಲಿ ಏಪ್ರಿಲ್ ಬಂತೆಂದರೆ ಬಾವಿ ಬತ್ತುತ್ತದೆ. ನೆಲದಡಿ ಗಟ್ಟಿ ಕಪ್ಪುಬಂಡೆ. ಮಳೆನೀರು ಇಂಗುವುದಕ್ಕಿಂತ ಹರಿದುಹೋಗುವುದೇ ಹೆಚ್ಚು. ಆಮೇಲೆ ಮನೆಗೆ ನೀರು ಬರುವುದು ಹೆಂಗಸರ ತಲೆಯ ಮೇಲೆ. ಆ ಕುತ್ತಿಗೆಗಳ ಲೆಕ್ಕ ಇಡುವವರು ಯಾರು?

ಒಂದು ಕೊಡ ನೀರು ಸುಮಾರು 15 ಲೀಟರು, ಎಂದರೆ 15 ಕಿಲೋ. ಒಂದರ ಮೇಲೊಂದು ಎರಡಿಟ್ಟರೆ 30, ಪಾತ್ರೆಯ ತೂಕ ಬೇರೆ. ಎತ್ತಿಕೊಡುವವರು ಜೊತೆಗಿದ್ದರೆ ಸರಿ. ಇಲ್ಲದಿದ್ದರೆ ಮೊದಲು ತೊಡೆಯ ಮೇಲೆ, ಅಲ್ಲಿಂದ ಎದೆಯ ಮಟ್ಟಕ್ಕೆ, ಅಲ್ಲಿಂದ ಒಂದೇ ಉಸಿರಿಗೆ ಸಿಂಬಿಯ ಮೇಲೆ. ಆ ಒಂದು ಗಳಿಗೆ ಕುತ್ತಿಗೆ ಪಕ್ಕಕ್ಕೆ ವಾಲಿ, ಭಾರದ ಕೆಳಗೇ ಮತ್ತೆ ಸೆಟೆದು ನಿಲ್ಲಬೇಕು. ನಡೆಯತೊಡಗಿದ ಮೇಲೆ ತಲೆ ತಗ್ಗಿಸುವಂತಿಲ್ಲ. ಕಲ್ಲುಹಾದಿಯಲ್ಲಿ ಪಾದವೇ ಕಣ್ಣಾಗಬೇಕು. ಒಬ್ಬರಿಗೆ ದಿನಕ್ಕೆ 55 ಲೀಟರು ಬೇಕು ಎಂದು ಜಲಜೀವನ ಮಿಷನ್ನಿನಲ್ಲಿ ಸರ್ಕಾರವೇ ಒಪ್ಪಿದೆ. ಐದು ಜನರ ಮನೆಗೆ ಅದು 275 ಲೀಟರು, ಹದಿನೆಂಟು ಕೊಡ. ಯಾವ ಹೆಂಗಸೂ ಅಷ್ಟು ಹೊತ್ತು ತರಲಾರಳು. ಹಾಗಾಗಿ ಮನೆಮಂದಿ ಕಡಿಮೆ ನೀರಿನಲ್ಲಿ ಬದುಕುತ್ತಾರೆ, ಅವಳು ಆದಷ್ಟೂ ಹೊರುತ್ತಾಳೆ.

ಮನುಷ್ಯನ ಕುತ್ತಿಗೆಯಲ್ಲಿ ಏಳು ಮೂಳೆಗಳು. ಅವುಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್. ಐದು ಕಿಲೋದಷ್ಟು ತೂಗುವ ತಲೆಯನ್ನು ಹೊರಲೆಂದು ಇರುವ ಏರ್ಪಾಟು ಇದು. ವಯಸ್ಸಾದಂತೆ ಡಿಸ್ಕಿನ ನೀರಿನಂಶ ಕುಗ್ಗುತ್ತದೆ, ಅದು ಚಪ್ಪಟೆಯಾಗುತ್ತದೆ, ಅಂಚಿನಲ್ಲಿ ಮೂಳೆ ಬೆಳೆಯುತ್ತದೆ. ಐದು–ಆರನೆಯ ಮತ್ತು ಆರು–ಏಳನೆಯ ಮೂಳೆಗಳ ನಡುವೆಯೇ ಸವೆತ ಹೆಚ್ಚು. ನರದ ಬೇರು ಒತ್ತಿಕೊಂಡರೆ ನೋವು ಭುಜದಿಂದ ಬೆರಳಿನವರೆಗೆ ಸೆಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ತಲೆಹೊರೆ ಹೊರುವ 35 ಜನರನ್ನೂ ಹೊರದ 35 ಜನರನ್ನೂ ಎಕ್ಸ್‌ರೇ ತೆಗೆದು ಹೋಲಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಹೊರುವವರಲ್ಲಿ 31 ಜನರ ಕುತ್ತಿಗೆ ಸವೆದಿತ್ತು; ಹೊರದವರಲ್ಲಿ ಎಂಟೇ ಜನರದು.

ಆದರೆ ಸವೆತ ಬೇರೆ, ನೋವು ಬೇರೆ. ಎಂಆರ್‌ಐಯಲ್ಲಿ ಡಿಸ್ಕ್ ಸವೆದು ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ. ಆದ್ದರಿಂದಲೇ ನೋವು ಬದುಕನ್ನು ಎಷ್ಟು ಕಟ್ಟಿಹಾಕಿದೆ ಎಂದು ರೋಗಿಯನ್ನೇ ಕೇಳಬೇಕು. ಅದಕ್ಕೆ ಜಗತ್ತಿನ ಆಸ್ಪತ್ರೆಗಳು ಬಹುವಾಗಿ ಬಳಸುವ ಪ್ರಶ್ನಾವಳಿ ಹವರ್ಡ್ ವರ್ನನ್ ಮತ್ತು ಸಿಲ್ವಾನೊ ಮಿಯೊರ್ 1991ರಲ್ಲಿ ಪ್ರಕಟಿಸಿದ ‘ನೆಕ್ ಡಿಸಬಿಲಿಟಿ ಇಂಡೆಕ್ಸ್’. ಹತ್ತು ಪ್ರಶ್ನೆ, ಒಟ್ಟು 50 ಅಂಕ. ಅದರಲ್ಲೊಂದು ಓದುವುದರ ಬಗ್ಗೆ. ಇನ್ನೊಂದು ಕಾರು ಓಡಿಸುವುದರ ಬಗ್ಗೆ. ಮತ್ತೊಂದು ಮನರಂಜನೆಯ ಬಗ್ಗೆ. ಭಾರ ಎತ್ತುವ ಪ್ರಶ್ನೆಯೂ ಇದೆ. ಅಲ್ಲಿ ಭಾರ ಮೇಜಿನ ಮೇಲಿನಂಥ ಅನುಕೂಲದ ಜಾಗದಲ್ಲಿದ್ದರೆ ಎತ್ತಬಲ್ಲಿರಾ ಎಂಬ ಮಾತು ಬರುತ್ತದೆ. ಬಾವಿಯ ನೀರು ಮೇಜಿನ ಮೇಲಿರುವುದಿಲ್ಲ.

ಇದು ಪ್ರಶ್ನಾವಳಿ ಮಾಡಿದವರ ತಪ್ಪಲ್ಲ. ತಮ್ಮ ಮುಂದೆ ಕುಳಿತ ರೋಗಿಗಳಿಗಾಗಿ ಅವರು ಮಾಡಿದರು. ಅದನ್ನು ತಂದು ನಮ್ಮ ಹೆಂಗಸರ ಮುಂದಿಡುವ ನಾವು ಯೋಚಿಸಬೇಕು. ಓದು ಬಾರದವಳ, ಕಾರು ಹತ್ತದವಳ ಹಾಳೆಯಲ್ಲಿ ಆ ಜಾಗಗಳು ಖಾಲಿ ಉಳಿಯುತ್ತವೆ. ಅವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದು ಅಂಕ ಕೊಡುತ್ತೇವೆ. ದಿನವೂ ಮಾಡುವ, ಕುತ್ತಿಗೆಯನ್ನೇ ತಿನ್ನುವ ಕೆಲಸ ಹಾಳೆಯ ಹೊರಗೇ ಉಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಮುಖ್ಯ ಸೌಲಭ್ಯಗಳಿಗೆ ಶೇ 40ರ ಮಿತಿ ಹಾಕಿದೆ. ಕೊಡ ಎತ್ತಲಾಗದೆ ಮನೆಯಲ್ಲಿ ಮಾತು ಕೇಳಿಸಿಕೊಳ್ಳುವವಳು ಆ ಮಿತಿ ಮುಟ್ಟುವುದು ಕಷ್ಟ. ಅವಳು ಅಂಗವಿಕಲೆಯೂ ಅಲ್ಲ, ಆರೋಗ್ಯವಂತೆಯೂ ಅಲ್ಲ. ಮೈಗಳ್ಳಿ ಎನ್ನಿಸಿಕೊಂಡು ನೋವಿನ ಮಾತ್ರೆ ನುಂಗಿ ಮತ್ತೆ ಸಿಂಬಿ ಸುತ್ತುತ್ತಾಳೆ.

ಇದು ಘೋಟಿಯವರ ಪಾಡು ಎಂದು ಪುಟ ಮಗುಚಬೇಡಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ನೆಲ ಬಿಟ್ಟುಕೊಟ್ಟು ನಾಡಿಗೆಲ್ಲ ಬೆಳಕು ಕೊಟ್ಟವರು ಸಾಗರ, ಹೊಸನಗರದ ಜನ. ಆ ಮಳೆಯ ಸೀಮೆಯಲ್ಲೂ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರುಗಳಿವೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ಯಶವಂತಪುರದ ಮಂಡಿಗಳಲ್ಲಿ ಮೂಟೆ ಹೊರುವ ಹಮಾಲರ ಕುತ್ತಿಗೆಯೂ ಇದೇ ಕುತ್ತಿಗೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು, ಹೆಂಗಸರದು ಅದಕ್ಕಿಂತ ಸಾಕಷ್ಟು ಕಡಿಮೆಯಿರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಹಮಾಲರಿಗೆಂದೇ ಕಾನೂನು ತಂದಿತು. ಮನೆಗೆ ನೀರು ಹೊರುವವಳಿಗೆ ಮಾಲೀಕನೂ ಇಲ್ಲ, ಕೂಲಿಯೂ ಇಲ್ಲ, ತೂಕದ ಮಿತಿಯೂ ಇಲ್ಲ.

ವೈದ್ಯರೇ, ಫಿಸಿಯೋಥೆರಪಿಸ್ಟರೇ, ‘ಭಾರ ಎತ್ತಬೇಡಿ’ ಎಂದು ಚೀಟಿಯಲ್ಲಿ ಬರೆದು ಕಳಿಸುವ ಮೊದಲು ‘ದಿನಕ್ಕೆ ಏನು ಹೊರುತ್ತೀರಿ, ಎಷ್ಟು ದೂರ, ಎತ್ತಿಕೊಡುವವರು ಯಾರು’ ಎಂದು ಕೇಳಿ. ಉತ್ತರವನ್ನು ಕೇಸ್‌ಶೀಟಿನಲ್ಲಿ ಬರೆಯಿರಿ. ನರ ಒತ್ತಿದ ನೋವು ಹೆಚ್ಚಿನವರಿಗೆ ಕೆಲವು ವಾರ–ತಿಂಗಳಲ್ಲಿ, ಶಸ್ತ್ರಚಿಕಿತ್ಸೆ ಇಲ್ಲದೆ ಇಳಿಯುತ್ತದೆ. ಆ ದಿನಗಳಲ್ಲಿ ಹೊರೆ ಇಳಿಸುವವರು ಬೇಕು. ಅದಕ್ಕೇ ಗಂಡನನ್ನೂ ಮಗನನ್ನೂ ಒಳಗೆ ಕರೆದು ಹೇಳಿ.

ಆಶಾ ಕಾರ್ಯಕರ್ತೆಯರೇ, ಗುಂಡಿ ಹಾಕಲು ತಡವರಿಸುವ, ಕೈಯಿಂದ ಲೋಟ ಜಾರಿಸುವ, ನಡೆಯುವಾಗ ತೂರಾಡುವ ಹೆಂಗಸು ಕಂಡರೆ ವಯಸ್ಸಾಯಿತು ಎಂದು ಬಿಡಬೇಡಿ. ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಆರೋಗ್ಯವಂತರು 10 ಸೆಕೆಂಡಿನಲ್ಲಿ 20 ಸಲವಾದರೂ ಮುಷ್ಟಿ ಕಟ್ಟಿ ಬಿಚ್ಚಬಲ್ಲರು. ಅವಳಿಂದ ಆಗದಿದ್ದರೆ ಬೇಗ ದೊಡ್ಡಾಸ್ಪತ್ರೆಗೆ ಕಳಿಸಿ. ಅಂಥವಳ ಕುತ್ತಿಗೆಯನ್ನು ಯಾರ ಕೈಗೂ ಕೊಟ್ಟು ಲಟಕ್ಕೆನಿಸಬೇಡಿ. ಹುರಿಗೆ ಆದ ಪೆಟ್ಟು ಮತ್ತೆ ಸರಿಹೋಗದೇ ಇರಬಹುದು.

ಗಂಡಸರೇ, ಮನೆ ಬಾಗಿಲಲ್ಲಿ ಬೈಕು ನಿಂತಿರುವಾಗ ಕೊಡ ಅವಳ ತಲೆಯ ಮೇಲೇಕೆ?

ಪ್ರತಿ ಗ್ರಾಮೀಣ ಮನೆಗೂ ನಲ್ಲಿ ಎಂದು 2019ರ ಆಗಸ್ಟ್ 15ರಂದು ಸಾರಿದ ಜಲಜೀವನ ಮಿಷನ್ನಿನ ಗಡುವು 2024ರಿಂದ 2028ಕ್ಕೆ ಹೋಗಿದೆ. ಪಂಚಾಯಿತಿ ಸದಸ್ಯರೇ, ಹಾಕಿದ ನಲ್ಲಿಗಳನ್ನು ಎಣಿಸಿದ್ದು ಸಾಕು. ಮೇ ತಿಂಗಳಲ್ಲಿ ಅದರಲ್ಲಿ ನೀರು ಎಷ್ಟು ದಿನ ಬಂತು, ಬಾರದ ದಿನ ಯಾರು ಎಷ್ಟು ಕೊಡ ಹೊತ್ತರು ಎಂದು ಬರೆಯಿರಿ. ಓದುಗರೇ, ಮುಂದಿನ ಗ್ರಾಮಸಭೆಗೆ ಹೋಗಿ, ಈ ಲೆಕ್ಕ ಕೊಡಿ ಎಂದು ಎದ್ದುನಿಂತು ಕೇಳಿ. ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.