ಓದುಗರ ಅಭಿಪ್ರಾಯವೂ ಓದುಗರ ಹೊಣೆಯೂ

ಕುಮಟಾದ ಪೇಟೆಯಲ್ಲಿ ಅಡಿಕೆಯ ರಾಶಿಯ ಮುಂದೆ ನಿಂತವನೊಬ್ಬನು “ಚಲೋ ಇದೆ” ಎಂಬ ಒಂದೇ ಮಾತನ್ನಾಡಿ ವ್ಯಾಪಾರವನ್ನು ಮುಗಿಸಿದನೆಂಬುದನ್ನು ಯಾರೂ ಕೇಳಿರಲಾರರು. ಅವನು ರಾಶಿಯೊಳಗೆ ಕೈಯಿಕ್ಕುವನು; ಹಳೆ ಚಾಲಿ ಯಾವುದು, ಹೊಸ ಚಾಲಿ ಯಾವುದು, ಕೋಕಾ ಎಷ್ಟು, ಚಿಪ್ಪು ಎಷ್ಟು ಎಂದು ವಿಂಗಡಿಸಿ ನೋಡುವನು; ಬೇಕಾದರೆ ಒಂದನ್ನು ಒಡೆದು ಒಳಗನ್ನು ಪರೀಕ್ಷಿಸುವನು; ಅನಂತರವೇ ಬೆಲೆಯ ಮಾತನ್ನೆತ್ತುವನು. ಅಡಿಕೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ವಿವೇಚನೆಯುಳ್ಳ ಮನೆಯಲ್ಲಿಯೇ, ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು “ಈಗ ಓದುತ್ತಿರುವ ಪುಸ್ತಕ ಹೇಗಿದೆ?” ಎಂದು ಕೇಳಿದರೆ ಬರುವ ಉತ್ತರವು “ಚಲೋ ಇದೆ” ಎಂಬುದೇ. ಅಲ್ಲಿಗೆ ಪುಸ್ತಕದ ಮಾತು ಮುಗಿದು ಮಳೆಯ ಮಾತು ಮೊದಲಾಗುವುದು.

ಹಳದೀಪುರ, ಕರ್ಕಿ, ಹೊನ್ನಾವರಗಳ ಸುತ್ತಿನ ವಿದ್ಯಾವಂತ ಮನೆಗಳಲ್ಲಿ ಓದಿಗೆ ಬರಗಾಲವಿದೆಯೆಂದು ಹೇಳುವಂತಿಲ್ಲ. ಪುಸ್ತಕಗಳು ಮನೆಯಿಂದ ಮನೆಗೆ ಹೋಗುತ್ತವೆ. ಹಬ್ಬಕ್ಕೆ ಬಂದ ನೆಂಟರ ಚೀಲದಲ್ಲಿ ಮುಂಬಯಿ ಬೆಂಗಳೂರುಗಳಿಗೂ ಹೋಗುತ್ತವೆ. ಹೋದ ಪುಸ್ತಕವು ಎಂದಾದರೊಮ್ಮೆ ಹಿಂದಿರುಗಿ ಬಂದೀತು. ಅದರೊಡನೆ ಓದಿದವರ ಅಭಿಪ್ರಾಯವು ಮಾತ್ರ ಬರುವುದಿಲ್ಲ. ಆದುದರಿಂದ ಕೊರತೆಯು ಓದಿನದಲ್ಲ, ಓದಿದುದನ್ನು ಕುರಿತು ಆಡಬೇಕಾದ ಮಾತಿನದು. ಈ ಮೌನವನ್ನು ವಿನಯವೆಂದೂ ಸೌಜನ್ಯವೆಂದೂ ಕರೆದು ಸಮರ್ಥಿಸುವವರುಂಟು. ಅದು ಆಲಸ್ಯಕ್ಕೆ ಹೊದಿಸಿದ ಶಾಲು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ವಿವೇಚನೆಯ ಶಕ್ತಿಯೇ ಈ ಸೀಮೆಯ ಜನಕ್ಕಿಲ್ಲವೆಂದರೆ ಅದು ಪ್ರತ್ಯಕ್ಷಕ್ಕೆ ವಿರುದ್ಧವಾದೀತು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅಂತಹ ಮೇಳಗಳು ಬೆಳೆದುದು ಕಲಾವಿದರ ಪ್ರತಿಭೆಯಿಂದ ಮಾತ್ರವಲ್ಲ, ನೋಡುವವರ ನಿಷ್ಠುರತೆಯಿಂದಲೂ ಹೌದು. ಆಟ ಮುಗಿದು ಬೆಳಗಿನ ಜಾವ ಮನೆಗೆ ನಡೆಯುವ ದಾರಿಯಲ್ಲಿ, ವಾಲಿಯು ಕೇಳಿದ ಪ್ರಶ್ನೆಗೆ ರಾಮನ ಪಾತ್ರಧಾರಿಯು ಕೊಟ್ಟ ಉತ್ತರವು ಸಾಕಾಯಿತೇ, ಕರ್ಣನ ಮಾತಿನಲ್ಲಿ ದೈನ್ಯವು ಮಿತಿಮೀರಿತೇ, ಭಾಗವತರು ಆ ಪದ್ಯವನ್ನು ಅಷ್ಟು ನಿಧಾನವಾಗಿ ಎತ್ತಿಕೊಂಡುದು ಸರಿಯೇ ಎಂದು ವಾದವು ನಡೆಯುವುದು. ತಾಳಮದ್ದಲೆಯ ಅರ್ಥವನ್ನು ಕುರಿತಂತೂ ವಾರಗಟ್ಟಲೆ ಚರ್ಚೆಯಾಗುವುದುಂಟು. ಅಕ್ಷರ ಬಾರದವನೂ ಅದರಲ್ಲಿ ಪಾಲುಗೊಳ್ಳುವನು. “ಚಲೋ ಇತ್ತು” ಎಂದಷ್ಟೇ ಹೇಳಿ ಸುಮ್ಮನಾದವನನ್ನು, ಆಟದ ನಡುವೆ ನಿದ್ದೆಹೋದವನೆಂದು ಉಳಿದವರು ನಗುವರು. ಇದೇ ನಿಯಮವನ್ನು ಪುಸ್ತಕಕ್ಕೂ ಅನ್ವಯಿಸಿದರೆ, ಎಚ್ಚರವಾಗಿದ್ದು ಓದಿದವರು ಎಷ್ಟು ಮಂದಿಯೆಂಬುದು ತಿಳಿದುಬಂದೀತು.

ಇಲ್ಲಿ ಕೆಲವು ಪಂಡಿತರು ಅಡ್ಡಬಂದು ಹೀಗೆನ್ನುವರು: “ಆಟವನ್ನು ಯಾರಾದರೂ ನೋಡಬಹುದು, ಯಾರಾದರೂ ಮಾತಾಡಬಹುದು, ಕಾವ್ಯವಿಚಾರಕ್ಕೆ ಶಾಸ್ತ್ರದ ಅಧಿಕಾರ ಬೇಕು. ಅಲಂಕಾರವನ್ನೋದದ ಗೃಹಸ್ಥನ ಅಭಿಪ್ರಾಯಕ್ಕೆ ಬೆಲೆಯೇನು?” ಈ ಮಾತನ್ನು ಆಡುವವರು ಶಾಸ್ತ್ರವನ್ನೇ ಮರೆತಿರುವರು. ಹತ್ತನೆಯ ಶತಮಾನದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಭಾಗಿಸಿ, ಕವಿಗೆ ಸೇರಿದುದನ್ನು ಕಾರಯಿತ್ರಿಯೆಂದೂ ಓದುಗನಿಗೆ ಸೇರಿದುದನ್ನು ಭಾವಯಿತ್ರಿಯೆಂದೂ ಹೆಸರಿಸಿದನು. ಈ ಎರಡನೆಯದಿಲ್ಲದಿದ್ದರೆ ಕವಿಯ ಶ್ರಮವು ಫಲವಿಲ್ಲದ ಗಿಡವಾಗುವುದೆಂಬುದು ಅವನ ಮತ. ಅದಕ್ಕೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ಜನರ ಕಾವ್ಯವಿವೇಕವು ಪಾಠಶಾಲೆಯೊಂದರಿಂದಲೇ ಬಂದುದಲ್ಲವೆಂದು ಒಪ್ಪಿಕೊಂಡಿತು. ಅರಸನ ಆಸ್ಥಾನವೇ ಒಪ್ಪಿದ ಅಧಿಕಾರವನ್ನು ಇಂದಿನ ಪಂಡಿತರು ಹಿಂದಕ್ಕೆ ಕಿತ್ತುಕೊಳ್ಳುವುದು ಯಾವ ನ್ಯಾಯ?

ಆದರೆ ಅಧಿಕಾರವುಂಟೆಂದ ಮಾತ್ರಕ್ಕೆ ಆಡಿದುದೆಲ್ಲ ಅಭಿಪ್ರಾಯವಾಗದು. ರಾಜಶೇಖರನೇ ಓದುಗರಲ್ಲಿ ನಾಲ್ಕು ಬಗೆಯನ್ನು ಎಣಿಸಿರುವನು. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಸಹಿತ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಕಣ್ಣೆದುರಿನ ಗುಣವನ್ನೂ ಕಾಣಲೊಲ್ಲದವನು ಮತ್ಸರಿ. ತಿರುಳನ್ನು ಹುಡುಕಿ ಹಿಡಿಯುವವನು ತತ್ತ್ವಾಭಿನಿವೇಶಿ. ಈ ನಾಲ್ವರೂ ಇಂದಿಗೂ ಜಗಲಿಯ ಮೇಲೆ ಕುಳಿತಿರುವರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಅನುವಾದಕಿ ದೀಪಾ ಭಾಸ್ತಿಯವರು. ಕನ್ನಡಕ್ಕೆ ಇದು ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ಕತೆಯನ್ನೂ ತೆರೆಯದೆ ಎಲ್ಲ ಕತೆಗಳನ್ನೂ ಕೊಂಡಾಡಿದವರೆಷ್ಟು ಮಂದಿ? ಅದರಂತೆಯೇ ಒಂದು ಕತೆಯನ್ನೂ ತೆರೆಯದೆ “ಪ್ರಶಸ್ತಿಗೆ ಬೇರೆ ಕಾರಣವಿದ್ದೀತು” ಎಂದು ಮೂಗು ಮುರಿದವರೆಷ್ಟು ಮಂದಿ? 2007ರಲ್ಲಿ ಎಸ್. ಎಲ್. ಭೈರಪ್ಪನವರ ‘ಆವರಣ’ವು ಹೊರಬಂದಾಗಲೂ ಹೀಗೆಯೇ ಆಯಿತು. ಪುಸ್ತಕವನ್ನು ಕೊಳ್ಳುವ ಮೊದಲೇ ಅನೇಕರು ತಮ್ಮ ಪಕ್ಷವನ್ನು ನಿರ್ಧರಿಸಿಕೊಂಡಿದ್ದರು. ಓದಿ ಒಪ್ಪಿದವರಿಗೂ ಗೌರವ ಸಲ್ಲಬೇಕು, ಓದಿ ನಿರಾಕರಿಸಿದವರಿಗೂ ಸಲ್ಲಬೇಕು. ಓದದೆ ತೀರ್ಪು ಕೊಟ್ಟವನಿಗೆ, ಆ ತೀರ್ಪು ದೈವವಶಾತ್ ಸರಿಯಾದರೂ, ಗೌರವವು ಸಲ್ಲದು.

ಇನ್ನು ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಹೊಟ್ಟು ಎಂಬ ವರ್ಗವೊಂದುಂಟು. ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಈ ವರ್ಗಕ್ಕೆ ಉತ್ತರವನ್ನಿತ್ತಿರುವನು, ಆದರೂ ಅದು ಅಳಿಯಲಿಲ್ಲ. ಇದರಿಂದ ಏನಾಗುವುದೆಂಬುದಕ್ಕೆ ಕರಾವಳಿಯಲ್ಲಿಯೇ ಉದಾಹರಣೆಯಿದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು, ಎಂದರೆ ಮುದ್ದಣನು, ತನ್ನ ಕೃತಿಯನ್ನು ತನ್ನದೆಂದು ಹೇಳಿಕೊಳ್ಳದೆ ಹಳೆಯ ಕವಿಯೊಬ್ಬನದೆಂಬಂತೆ ಮರೆಮಾಡಿ ಪ್ರಕಟಣೆಗೆ ಕಳುಹಿಸಿದನು. 1901ರಲ್ಲಿ, ಮೂವತ್ತೊಂದರ ಎಳೆವಯಸ್ಸಿನಲ್ಲಿ, ತೀರಿಕೊಂಡನು. ಹೊಸಬನ ಕೃತಿಯೆಂದರೆ ಓದುಗರು ಮುಖ ತಿರುಗಿಸುವರೆಂಬ ಶಂಕೆಯು ಒಬ್ಬ ಕವಿಗೆ ಬರುವಂತಿದ್ದರೆ, ಅದು ಆ ಓದುಗಸಮಾಜಕ್ಕೆ ಕೀರ್ತಿಯಲ್ಲ. ವಿಚಿತ್ರವೇನೆಂದರೆ, ಆ ‘ಶ್ರೀರಾಮಾಶ್ವಮೇಧ’ದಲ್ಲಿಯೇ ಉತ್ತಮ ಓದುಗಳೊಬ್ಬಳು ಕುಳಿತಿರುವಳು. ಮನೋರಮೆಯು ಕತೆಯನ್ನು ಕೇಳುತ್ತ ತೂಗಿಸಿದ ತಲೆಯಷ್ಟೇ ಅಲ್ಲ, ತಡೆದ ಮಾತೂ ಅಲ್ಲಿದೆ. ಪದ್ಯ ಬೇಡ, ಗದ್ಯವಿರಲಿ ಎನ್ನುವಳು. ತಿಳಿಯದ ಸಂಸ್ಕೃತವನ್ನು ಆಕ್ಷೇಪಿಸುವಳು. ಬೇಸರ ಬಂದಾಗ ಬೇಸರವೆನ್ನುವಳು. ಅವಳು “ಚೆನ್ನಾಗಿದೆ” ಎಂದು ಸುಮ್ಮನಿದ್ದಿದ್ದರೆ ಆ ಗ್ರಂಥಕ್ಕೆ ಈಗಿರುವ ರೂಪವೇ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವು ದಾಕ್ಷಿಣ್ಯದ್ದು. “ಬರೆದವರು ನೆರೆಯವರು, ನೆಂಟರು, ಪುಸ್ತಕದ ಬಿಡುಗಡೆಗೆ ಕರೆದು ಊಟ ಹಾಕಿದವರು, ಅವರ ಮನಸ್ಸನ್ನು ನೋಯಿಸುವುದೇ?” ಎಂದು ಕೇಳುವರು. ಬಿಡುಗಡೆಯ ಸಭೆಗಳಲ್ಲಿ ನಡೆಯುವುದನ್ನು ಎಲ್ಲರೂ ಬಲ್ಲರು. ಬೆನ್ನುಡಿಯನ್ನು ಮಾತ್ರ ಓದಿದವರು ಅರ್ಧ ಗಂಟೆ ಹೊಗಳುವರು. ಹಾರ, ಶಾಲು, ಫಲ ಸಮರ್ಪಣೆಯಾಗುವುದು. ಪುಸ್ತಕವು ಕಪಾಟನ್ನು ಸೇರುವುದು. ಮೂರು ವರ್ಷ ಕಷ್ಟಪಟ್ಟು ಬರೆದವನಿಗೆ ಮೂರನೆಯ ಅಧ್ಯಾಯವು ಸಡಿಲವೆಂದು ಹೇಳುವವನೊಬ್ಬನೂ ಸಿಗುವುದಿಲ್ಲ. ಏಳನೆಯ ಅಧ್ಯಾಯವನ್ನು ಓದಿ ನಿದ್ದೆಯಿಲ್ಲದೆ ಹೊರಳಿದೆನೆಂದು ಹೇಳುವವನೂ ಸಿಗುವುದಿಲ್ಲ. ಹುಸಿಹೊಗಳಿಕೆಯ ದೊಡ್ಡ ಹಾನಿಯೆಂದರೆ ನಿಜವಾದ ಹೊಗಳಿಕೆಯೂ ಬೆಲೆಗೆಡುವುದು. ಬರೆಯುವವನನ್ನು ಕತ್ತಲೆಯಲ್ಲಿ ಬಿಡುವ ಈ ದಾಕ್ಷಿಣ್ಯಕ್ಕಿಂತ ಕ್ರೌರ್ಯವಾವುದು?

ಹಳದೀಪುರದ ನೆರೆಯ ಕರ್ಕಿಯನ್ನೇ ನೋಡಬಹುದು. ಆ ಊರಿನ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಬರೆದರು. ಹಣ ತೆಗೆದುಕೊಂಡು ಹೆಣ್ಣು ಕೊಡುವ ಕನ್ಯಾವಿಕ್ರಯವನ್ನು, ತಮ್ಮ ಸಮಾಜದ ಮನೆಮಾತಿನಲ್ಲಿಯೇ, ತಮ್ಮ ಸಮಾಜದ ಮುಖಕ್ಕೇ ಹೇಳಿದ ನಾಟಕವದು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಅದಕ್ಕೆ ಹೆಸರಿದೆ. ಬರೆದವರು ದಾಕ್ಷಿಣ್ಯವನ್ನು ಬಿಟ್ಟು ಬರೆದರು. ಅಂತಹ ಪುಸ್ತಕಕ್ಕೆ ಓದುಗನು ಕೊಡಬಹುದಾದ ಉತ್ತರಗಳು ಎರಡೇ: ಹೌದು, ಇದು ನಡೆಯುತ್ತಿದೆ, ನಿಲ್ಲಬೇಕು; ಅಥವಾ ಇಲ್ಲ, ಇದು ಅನ್ಯಾಯವಾದ ದೂರು, ಕಾರಣವಿದು. ತನ್ನ ಮನೆಯ ಮೇಲೆ ದೂರು ಹೊರಿಸಿದ ಪುಸ್ತಕವನ್ನು “ಚಲೋ ಇದೆ” ಎಂದು ಕೆಳಗಿಡುವವನು ಅದನ್ನು ಓದಿಯೂ ಓದದವನು. ಬರೆದವರಿಗಿದ್ದ ಧೈರ್ಯದ ನಾಲ್ಕನೆಯ ಒಂದು ಪಾಲಾದರೂ ಓದುವವರಿಗೆ ಬೇಡವೇ?

ಲೋಕದ ರುಚಿ ಬೇರೆಬೇರೆ, ವಾದದಿಂದ ಫಲವೇನೆಂದು ಇನ್ನು ಕೆಲವರು ಕೈಬಿಡುವರು. ರುಚಿ ಬೇರೆಯಾಗಿರುವುದರಿಂದಲೇ ಮಾತು ಬೇಕಾಗಿರುವುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿಯರು ಕಡಲ ಕರೆಯ ಗದ್ದೆಯಲ್ಲಿಯೂ ಹೊಳೆಯ ನೆರೆಯಲ್ಲಿಯೂ ದುಡಿಯುವ ಪರಿಯನ್ನು ಪದವೀಧರನು ಒಂದು ರೀತಿಯಲ್ಲಿ ಓದುವನು, ಸೊಪ್ಪಿನ ಹೊರೆ ಹೊತ್ತು ಬೆಟ್ಟವನ್ನಿಳಿದ ಅಜ್ಜಿಯು ಇನ್ನೊಂದು ರೀತಿಯಲ್ಲಿ ಓದುವಳು. ಆ ದುಡಿಮೆಯ ವರ್ಣನೆಯು ಸತ್ಯವೇ ಎಂಬುದಕ್ಕೆ ಅಜ್ಜಿಯಷ್ಟು ಬಲವಾದ ಸಾಕ್ಷಿ ಬೇರೆ ಸಿಗದು. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ಯು 1979ರಲ್ಲಿ ಪ್ರಕಟವಾಯಿತು, ಮುಂಬಯಿಯ ದೊಡ್ಡ ಕಂಪನಿಯಲ್ಲಿ ಅಧಿಕಾರಿಯಾಗಿದ್ದವನೊಬ್ಬನ ಭಯಸಂಶಯಗಳ ಕತೆಯದು. ಈ ತಾಲೂಕುಗಳಿಂದ ಮುಂಬಯಿಗೆ ಹೋಗಿ ಮೂವತ್ತು ವರ್ಷ ನೌಕರಿ ಮಾಡಿ ಹಿಂದಿರುಗಿದವರು ಎಷ್ಟೋ ಮನೆಗಳಲ್ಲಿರುವರು. ಅವರು ಬಾಯಿಬಿಟ್ಟರೆ ಆ ಕಾದಂಬರಿಯ ಮೇಲೆ ಬೀಳುವ ಬೆಳಕು ಯಾವ ವ್ಯಾಖ್ಯಾನದಿಂದಲೂ ಬಾರದು. ಅವರು ಬಾಯಿಬಿಡದೆ ಹೋದರೆ ಆ ಬೆಳಕು ಅವರೊಡನೆಯೇ ಆರಿಹೋಗುವುದು. ನಷ್ಟವೆಂದರೆ ಇದು; ಇದನ್ನು ತುಂಬಿಕೊಡುವ ಉಪಾಯವಿಲ್ಲ.

ಇದಕ್ಕೆ ಮಾಡತಕ್ಕುದೇನು? ದೊಡ್ಡ ಸಭೆ ಬೇಡ, ಅಧ್ಯಕ್ಷರು ಬೇಡ, ಹಾರವಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ನಾಲ್ಕು ಮನೆಯವರು ಒಂದು ಜಗಲಿಯಲ್ಲಿ ಕೂಡಿದರೆ ಸಾಕು. ಆದರೆ ಕೆಲವು ಕಟ್ಟಳೆಗಳು ಇರಬೇಕು. ಪುಸ್ತಕವನ್ನು ಪೂರ್ತಿ ಓದದವನು ಆ ದಿನ ಕೇಳುವವನಾಗಿರಲಿ. ಹೊಗಳುವವನೂ ತೆಗಳುವವನೂ ಪುಟವನ್ನು ತೆರೆದು, ಇಂತಹ ಕಡೆ, ಇಂತಹ ಕಾರಣಕ್ಕೆ ಎಂದು ತೋರಿಸಲಿ. ಪುಸ್ತಕವು ಏನನ್ನು ಮಾಡಹೊರಟಿತು ಎಂಬುದನ್ನು ಮೊದಲು ಹೇಳಿ, ಅದನ್ನು ಮಾಡಿತೇ ಇಲ್ಲವೇ ಎಂಬುದನ್ನು ಅನಂತರ ಹೇಳಲಿ; ದೋಸೆಯನ್ನು ತಿನ್ನುತ್ತ ಇದು ಪಾಯಸವಲ್ಲವೆಂದು ದೂರುವುದು ವಿಮರ್ಶೆಯಲ್ಲ. ಬರೆದವರ ಜಾತಿ, ಊರು, ಪಕ್ಷಗಳನ್ನು ಚಪ್ಪಲಿಯೊಡನೆ ಅಂಗಳದಲ್ಲಿ ಬಿಟ್ಟು ಬರಲಿ.

ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯು ಮಾತಿನ ಸರದಿಯದು. ಮೊದಲು ಮನೆಯ ಮಕ್ಕಳು, ಆಮೇಲೆ ಸೊಸೆಯಂದಿರೂ ಹೆಣ್ಣುಮಕ್ಕಳೂ, ಕೊನೆಗೆ ಹಿರಿಯರು. ಹಿರಿಯರು ಮೊದಲೇ ತೀರ್ಪಿತ್ತರೆ ಆ ಮನೆಯಲ್ಲಿ ಇನ್ನೊಂದು ಅಭಿಪ್ರಾಯವು ಹುಟ್ಟುವುದಿಲ್ಲ. ಹುಟ್ಟಿದರೂ ಅಡಿಗೆಮನೆಯ ಬಾಗಿಲನ್ನು ದಾಟಿ ಹೊರಕ್ಕೆ ಬರುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಾದಂಬರಿಗಳನ್ನು ಮನಸ್ಸಿಟ್ಟು ಓದುವವರು ಯಾರೆಂಬುದು ಎಲ್ಲರಿಗೂ ತಿಳಿದಿದೆ. ಅವರನ್ನು ಕೇಳುವವರು ಮಾತ್ರ ಇಲ್ಲ. ಶಾಲೆಯಲ್ಲಿ ಅಚ್ಚಾದ ಪ್ರಶ್ನೆಗೆ ಅಚ್ಚಾದ ಉತ್ತರವನ್ನು ಬರೆದು ಅಭ್ಯಾಸವಾದ ಹುಡುಗನು, “ನಿನಗೇನನ್ನಿಸಿತು?” ಎಂಬ ಪ್ರಶ್ನೆಯನ್ನು ಮನೆಯಲ್ಲಿಯೂ ಕೇಳಿಸಿಕೊಳ್ಳದಿದ್ದರೆ ಮತ್ತೆಲ್ಲಿ ಕೇಳಿಸಿಕೊಂಡಾನು? ಸ್ವಂತ ಅಭಿಪ್ರಾಯವನ್ನು ಕಾರಣಸಹಿತ ಹೇಳಲು ಪುಸ್ತಕದ ವಿಷಯದಲ್ಲಿ ಕಲಿಯದವನು ನಾಳೆ ಪಂಚಾಯತಿಯಲ್ಲಿಯೂ ಕಲಿಯಲಾರನು.

ಶರಾವತಿಯ ದಂಡೆಯ ಗೇರುಸೊಪ್ಪೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಅಭಿನವ ವಾದಿ ವಿದ್ಯಾನಂದನೆಂಬವನಿದ್ದನು. ಅವನು ತನಗಿಂತ ಹಿಂದಿನ ಕವಿಗಳ ಕಾವ್ಯಗಳನ್ನು ಓದಿ, ಉತ್ತಮವೆಂದು ಕಂಡ ಪದ್ಯಗಳನ್ನು ಆರಿಸಿ, ವಿಷಯಕ್ಕೆ ತಕ್ಕಂತೆ ಜೋಡಿಸಿ ‘ಕಾವ್ಯಸಾರ’ವನ್ನು ಸಂಕಲಿಸಿದನು. ಒಬ್ಬ ಓದುಗನ ಆಯ್ಕೆಯೇ ಅಲ್ಲಿ ಗ್ರಂಥವಾಗಿ ಉಳಿಯಿತು. ಎಲ್ಲರೂ ಸಂಕಲನ ಮಾಡಬೇಕೆಂದಿಲ್ಲ. ಪುಸ್ತಕವನ್ನು ನೆರೆಮನೆಗೆ ಹಿಂದಿರುಗಿಸುವಾಗ ಒಂದು ಚೀಟಿಯ ಮೇಲೆ ನಾಲ್ಕು ಸಾಲು ಬರೆದು ಒಳಗಿಟ್ಟರೆ ಸಾಕು: ಈ ಪುಟ ಹಿಡಿಸಿತು, ಈ ಪುಟ ಹಿಡಿಸಲಿಲ್ಲ, ಕಾರಣ ಇದು. ಮುಂದೆ ಓದುವವನು ಆ ಚೀಟಿಯನ್ನು ಒಪ್ಪಲಿ, ಬಿಡಲಿ. ಅದರ ಕೆಳಗೆ ತನ್ನ ನಾಲ್ಕು ಸಾಲನ್ನು ಸೇರಿಸಲಿ. ಇಷ್ಟೂ ಮಾಡಲಾರದವರು ಪುಸ್ತಕವನ್ನು ಎರವಲು ಕೇಳದಿರುವುದೇ ಲೇಸು.