ಓವನ್ ಇಲ್ಲದ ಮನಿಗೆ ಯಾವ ಪುಸ್ತಕ? (ಭಾಗ 3)

‘ಬೇಕಿಂಗ್ ಪುಸ್ತಕಕ್ಕೂ ಭಕ್ತಿಗೂ ಏನ್ ಸಂಬಂಧ’ ಅಂತ ಕೇಳಿದ್ರಿ. ಐತ್ರಿ.

ಕ್ರೈಸ್ತ ಜೀವನದ ಪುಸ್ತಕಗಳು ಲೂಕ 10ನೇ ಅಧ್ಯಾಯ ತೆಗೆದು, ಮಾರ್ಥಳಂಗ ಅಡಿಗಿಮನ್ಯಾಗ ಒದ್ದಾಡಬ್ಯಾಡ್ರಿ, ಮರಿಯಳಂಗ ಕೂತು ಕೇಳ್ರಿ ಅಂತಾವ. ಅದೇ ಕಪಾಟಿನ ಕ್ರಿಸ್ಮಸ್ ಬೇಕಿಂಗ್ ಪುಸ್ತಕ 180 ಡಿಗ್ರಿ ಓವನ್, ವಾರಗಟ್ಟಲೆ ನೆನೆಸಿದ ಒಣಹಣ್ಣು ಕೇಳತೈತಿ. ಮಾರ್ಥಳಿಗೆ ರಜಾ ಎಲ್ಲೈತಿ? ಯೇಸು ಬ್ಯಾಡ ಅಂದಿದ್ದು ಅಡಿಗಿ ಅಲ್ಲ, ಆ ತಳಮಳ. ಬಿಕಾಂ ಓದೋಳು ನಾನು, ಖರ್ಚಿನ ತಳಮಳ ಬ್ಯಾರೇನ ಐತಿ!

ನಮ್ಮವ್ವ ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತೆಗೆದು, ತಳಕ್ಕ ಉಪ್ಪು ಹಾಕಿ ರವಾ ಕೇಕ್ ಮಾಡ್ತಾಳ. ಆ ಅಳತಿ ನಾ ಓದಿದ ಯಾವ ಪುಸ್ತಕದಾಗೂ ಇಲ್ಲ. ದೀಪಾವಳಿಗೆ ಬಾಜೂ ಮನಿಯಿಂದ ಬಂದ ತಾಟು, ಕ್ರಿಸ್ಮಸ್ಸಿಗೆ ಕೇಕ್, ಕರ್ಚಿಕಾಯಿ, ಗೋಕಾಕ ಕರದಂಟು ತುಂಬ್ಕೊಂಡು ವಾಪಸ್ ಹೋಗತೈತಿ. ಅದನ್ನ ಬರೀರಿ. ರೊಕ್ಕ ಕೂಡಿಸಿ ನಾನ ಮೊದಲು ಕೊಳ್ತೀನಿ.